ಗೋಲಿ, ನೆರಳು, ಗೀಗೀ ಪದ: ಮಕ್ಕಳಿಗೆ ಫಿಸಿಕ್ಸ್ ರುಚಿ ಹತ್ತಿಸುವುದು ಹೇಗೆ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 8ರಿಂದ 10ನೇ ತರಗತಿಗೆ ಭೌತಶಾಸ್ತ್ರ ನಾನೇ ತೆಗೆದುಕೊಳ್ಳುತ್ತೇನೆ. ಮಕ್ಕಳು ಸೂತ್ರ ಬಾಯಿಪಾಠ ಮಾಡುತ್ತಾರೆ, ಲೆಕ್ಕವನ್ನೂ ಬಿಡಿಸುತ್ತಾರೆ, ಆದರೆ ಯಾಕೆ ಹೀಗೆ ಅಂತ ಒಬ್ಬರೂ ಕೇಳುವುದಿಲ್ಲ. ತರಬೇತಿಗೆ ಹೋದರೆ ಚಟುವಟಿಕೆ ಮಾಡಿಸಿ, ಹಾಡು, ನಾಟಕ, ಚಿತ್ರ ಎಲ್ಲ ಬಳಸಿ ಅನ್ನುತ್ತಾರೆ. ಮಾಡಿಸಿದೆ. ಮಕ್ಕಳಿಗೆ ಖುಷಿಯಾಯಿತು, ಗಲಾಟೆಯೂ ಆಯಿತು, ಮರುದಿನ ಕೇಳಿದರೆ ಏನೂ ನೆನಪಿಲ್ಲ. ಲ್ಯಾಬ್ ಅಂದರೆ ಒಂದು ಬೀರು. ಪೋರ್ಷನ್ ಮುಗಿಸುವ ಒತ್ತಡ ಬೇರೆ. ನಿಜವಾಗಿ ಉಪಯೋಗಕ್ಕೆ ಬರುವಂಥದ್ದು ಏನಾದರೂ ಇದೆಯೇ?

ಉತ್ತರ: ಇದೆ ಮೇಡಂ. ನೀವು ಬರೆದದ್ದನ್ನು ಓದಿದರೆ ಚಟುವಟಿಕೆ ಸೋತಿಲ್ಲ, ಅದಕ್ಕೆ ಮುಂಚೆ ಆಗಬೇಕಿದ್ದ ಒಂದು ಕೆಲಸ ಆಗಿಲ್ಲ ಅನಿಸುತ್ತದೆ. ಮಕ್ಕಳು ವಸ್ತು ಮುಟ್ಟುವ ಮೊದಲು, ಏನಾಗಬಹುದು ಅಂತ ಪ್ರತಿಯೊಬ್ಬರೂ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಯಾಕೆ ಹಾಗನಿಸುತ್ತದೆ ಅಂತ ಒಂದು ಸಾಲು ಕಾರಣವನ್ನೂ ಸೇರಿಸಬೇಕು. ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ ಬೇಡ. ಆಮೇಲೆ ಮಾಡಿ ನೋಡಲಿ. ತನ್ನ ಊಹೆ ತಪ್ಪಾದಾಗ ಮಗುವಿನ ಮುಖ ಬದಲಾಗುತ್ತದಲ್ಲ, ಪಾಠ ಶುರುವಾಗುವುದು ಆಗಲೇ. ಊಹೆ ಬರೆಯದ ಮಗುವಿಗೆ ಪ್ರಯೋಗ ಬರೀ ಜಾತ್ರೆ. ಏನಾದರೂ ಆಗಲಿ, ಚಪ್ಪಾಳೆ ಹೊಡೆದು ಹೋಗುತ್ತಾನೆ. ಅವನು ಏನನ್ನೂ ಪಣಕ್ಕೆ ಇಟ್ಟಿರಲಿಲ್ಲ, ಅದಕ್ಕೇ ಮರುದಿನ ನೆನಪೂ ಇರುವುದಿಲ್ಲ.

ಹಾಡು, ನಾಟಕ, ಆಟ, ಚಿತ್ರ ಯಾವುದಕ್ಕೂ ಇದೇ ಮಾತು. ಮೊದಲು ಊಹೆ, ಆಮೇಲೆ ಕೈಯಲ್ಲಿ ಮಾಡುವುದು, ಆಮೇಲೆ ವಾದ. ಇಷ್ಟಿದ್ದರೆ ಯಾವ ರೂಪ ಆದರೂ ನಡೆಯುತ್ತದೆ. ಬೇರೆ ಬೇರೆ ರೂಪ ಯಾಕೆ ಬೇಕು ಅಂದರೆ, ಒಂದೇ ತರಗತಿಯಲ್ಲಿ ಲೆಕ್ಕಕ್ಕೆ ಹೆದರುವ ಹುಡುಗಿ ಹಾಡು ಕಟ್ಟುವುದರಲ್ಲಿ ಮುಂದಿರುತ್ತಾಳೆ, ಬಾಯಿ ಬಿಡದ ಹುಡುಗ ಬುಗುರಿ ಬಿಡುವುದರಲ್ಲಿ ಊರಿಗೇ ಮೊದಲಿರುತ್ತಾನೆ. ಫಿಸಿಕ್ಸ್ ತನಗೂ ಬರುತ್ತದೆ ಅಂತ ಅವರಿಗೆ ಒಂದು ಸಲ ಅನಿಸಬೇಕು.

ಗೋಲಿಯಿಂದ ಶುರು ಮಾಡೋಣ. 9ನೇ ತರಗತಿಯಲ್ಲಿ ಚಲನೆ, ಬಲ, ಕೆಲಸ ಮತ್ತು ಶಕ್ತಿ ಎಲ್ಲ ಬರುತ್ತವೆ, ಈ ಒಂದು ಆಟ ಅಷ್ಟನ್ನೂ ಎಳೆದು ತರುತ್ತದೆ. ಎರಡು ಸ್ಕೇಲನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಟೇಪ್ ಹಚ್ಚಿ. ನಡುವಿನ ಸಂದು ಗೋಲಿಯ ಅಗಲದ ಸುಮಾರು ಅರ್ಧದಷ್ಟು ಇರಲಿ, ಗೋಲಿ ಅದರ ಮೇಲೆ ಕೂತು ಓಡಬೇಕು. ಒಂದೇ ಅಳತೆಯ ಐದು ಗೋಲಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಆರನೆಯದನ್ನು ಒಂದು ಕಡೆಯಿಂದ ಹೊಡೆದರೆ ಏನಾಗುತ್ತದೆ? ಊಹೆ ಬರೆಸಿ. ತುಂಬಾ ಮಕ್ಕಳು ಎಲ್ಲ ಗೋಲಿಯೂ ಸ್ವಲ್ಪ ಸ್ವಲ್ಪ ಸರಿಯುತ್ತವೆ ಅಂತ ಬರೆಯುತ್ತಾರೆ. ಹೊಡೆದು ನೋಡಿದರೆ ಕೊನೆಯದೊಂದೇ ಓಡುತ್ತದೆ. ಈಗ ಎರಡು ಗೋಲಿ ಒಟ್ಟಿಗೆ ಹೊಡೆಯಲಿ. ಆಚೆ ಕಡೆಯಿಂದ ಎರಡು ಹೋಗುತ್ತವೆ.

ಇಲ್ಲಿ ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿ: ಎರಡು ಗೋಲಿ ಬಂದಾಗ ಆಚೆಯಿಂದ ಒಂದೇ ಗೋಲಿ ಎರಡರಷ್ಟು ವೇಗದಲ್ಲಿ ಯಾಕೆ ಹೋಗಬಾರದು? ಸಂವೇಗದ (ದ್ರವ್ಯರಾಶಿಯನ್ನು ವೇಗಕ್ಕೆ ಗುಣಿಸಿದ್ದು) ಲೆಕ್ಕ ಸರಿಯಾಗಿಯೇ ಇದೆಯಲ್ಲ. ಎರಡು ಗೋಲಿ ಒಂದು ವೇಗದಲ್ಲಿ ಬಂದರೂ, ಒಂದು ಗೋಲಿ ಎರಡರಷ್ಟು ವೇಗದಲ್ಲಿ ಹೋದರೂ ಗುಣಿಸಿದರೆ ಬರುವುದು ಅಷ್ಟೇ. ತರಗತಿ ಸುಮ್ಮನಾಗುತ್ತದೆ. ಸುಮ್ಮನಿರಲಿ ಬಿಡಿ, ನೀವು ಬಾಯಿ ಹಾಕಬೇಡಿ. ಯಾರೋ ಒಬ್ಬರು ಚಲನ ಶಕ್ತಿಯ ಸೂತ್ರ ತೆಗೆಯುತ್ತಾರೆ. ವೇಗಕ್ಕೆ ಅಲ್ಲಿ ವರ್ಗ ಇದೆ. ಬಂದ ಒಂದೊಂದು ಗೋಲಿಯ ಶಕ್ತಿಯನ್ನು 1 ಅಂತ ಇಟ್ಟುಕೊಂಡರೆ ಒಟ್ಟು 2. ಒಂದೇ ಗೋಲಿ ಎರಡರಷ್ಟು ವೇಗದಲ್ಲಿ ಹೋದರೆ ಅದರ ಶಕ್ತಿ 4. ಜಾಸ್ತಿ ಆದ ಆ 2 ಎಲ್ಲಿಂದ ಬರಬೇಕು? ಸಂವೇಗ, ಶಕ್ತಿ ಎರಡೂ ಲೆಕ್ಕ ಒಟ್ಟಿಗೆ ಸರಿಹೋಗಬೇಕು, ಅದಕ್ಕೇ ಎರಡು ಗೋಲಿ ಹೋಗಲೇಬೇಕು. ಎರಡು ಪಾಠದ ಎರಡು ಸೂತ್ರ ಹೀಗೆ ಒಂದೇ ಜಾಗದಲ್ಲಿ ಬಂದು ಕೂಡಿದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ. ಅದು ಗಲಾಟೆಯ ಖುಷಿಯಲ್ಲ.

ಇನ್ನೊಂದನ್ನು ಚುರುಕು ಕಣ್ಣಿನ ಮಗು ತಾನೇ ಹೇಳುತ್ತದೆ. ಹೊಡೆದ ಗೋಲಿ ಪೂರ್ತಿ ನಿಲ್ಲುವುದಿಲ್ಲ, ಒಂದು ಕ್ಷಣ ನಿಂತ ಹಾಗೆ ಮಾಡಿ ಮತ್ತೆ ನಿಧಾನಕ್ಕೆ ಮುಂದೆ ಹೊರಳುತ್ತದೆ. ಪುಸ್ತಕದ ಚಿತ್ರದಲ್ಲಿ ಇದು ಇರುವುದಿಲ್ಲ. ಗೋಲಿ ಬರುವಾಗ ಬರೀ ಜಾರಿಕೊಂಡು ಬರಲಿಲ್ಲ, ಉರುಳಿಕೊಂಡು ಬಂತು. ಡಿಕ್ಕಿಯಲ್ಲಿ ಮುಂದೆ ಹೋಗುವ ವೇಗವನ್ನು ಕೊಟ್ಟುಬಿಟ್ಟಿತು, ಸುತ್ತುವ ವೇಗ ತನ್ನಲ್ಲೇ ಉಳಿಯಿತು, ಆ ಸುತ್ತು ಸ್ಕೇಲಿನ ಜೊತೆಗಿನ ಘರ್ಷಣೆಯಿಂದ ಅದನ್ನು ಮತ್ತೆ ಮುಂದೆ ತಳ್ಳಿತು. ಇದನ್ನು ದಯವಿಟ್ಟು ನೀವೇ ಮೊದಲು ಹೇಳಬೇಡಿ. ನಿಮ್ಮ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ತೋರಿಸಿ, ಅವರೇ ವಾದ ಮಾಡಲಿ. ಆಮೇಲೆ ಗೋಲಿಗಳ ನಡುವೆ ಒಂದು ಚೂರು ಕಣಕದ ಹಿಟ್ಟು ಮೆತ್ತಿದರೆ, ದೊಡ್ಡ ಗೋಲಿಯಿಂದ ಸಣ್ಣದಕ್ಕೆ ಹೊಡೆದರೆ, ಅಂತ ಅವರೇ ಮುಂದಕ್ಕೆ ಒಯ್ಯುತ್ತಾರೆ. ಪ್ರತಿ ಸಲವೂ ಊಹೆ ಮಾತ್ರ ತಪ್ಪದೆ ಬರೆಸಿ. ದಿನಕ್ಕೊಂದು ಹೊಸ ಚಟುವಟಿಕೆ ತರುವುದಕ್ಕಿಂತ ಒಂದನ್ನೇ ಹೀಗೆ ನಾಲ್ಕು ಬಗೆಯಲ್ಲಿ ತಿರುಗಿಸುವುದರಲ್ಲಿ ಲಾಭ ಜಾಸ್ತಿ.

ಎರಡನೆಯದಕ್ಕೆ ಲ್ಯಾಬೇ ಬೇಡ, ಶಾಲೆಯ ಅಂಗಳ ಸಾಕು. ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಆಯಿತು, ಗೌಂಡಿ ಕೆಲಸದವರ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ. ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ ಅಂತ ಮೊದಲು ಕೇಳಿ. ಎಲ್ಲರೂ 12 ಅಂತಲೇ ಬರೆಯುತ್ತಾರೆ. ಆಮೇಲೆ 12ರಿಂದ 1 ಗಂಟೆಯವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಲಿ.

ನಿಮ್ಮ ಗದಗಿನಲ್ಲಿ 12 ಗಂಟೆಗೆ ಅದು ಆಗುವುದೇ ಇಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಗದಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ ಅಂದರೆ ಸೂರ್ಯ ನಿಮ್ಮ ನೆತ್ತಿಯ ಗೆರೆ ದಾಟುವುದು ಗಡಿಯಾರಕ್ಕಿಂತ 27-28 ನಿಮಿಷ ತಡ. ಅದೂ ವರ್ಷಪೂರ್ತಿ ಒಂದೇ ಸಮ ಇರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 11 ನಿಮಿಷದ ಸುಮಾರಿಗೆ ಆಗುತ್ತದೆ, ಫೆಬ್ರವರಿ ಮಧ್ಯದಲ್ಲಿ 12.40 ದಾಟುತ್ತದೆ. ಭೂಮಿಯ ಓರೆ, ಸೂರ್ಯನ ಸುತ್ತ ಸುತ್ತುವಾಗ ಅದರ ವೇಗದಲ್ಲಿ ಆಗುವ ಏರಿಳಿತ, ಎರಡೂ ಆ ಕೋಲಿನ ನೆರಳಿನಲ್ಲಿ ಕಾಣುತ್ತವೆ. ತಿಂಗಳಿಗೊಂದು ಸಲ ಗುರುತು ಹಾಕಿದರೂ ಸಾಕು, ವರ್ಷದ ಕೊನೆಗೆ ಮಕ್ಕಳ ಕೈಯಲ್ಲಿ ಅವರದೇ ಅಂಕಿ ಇರುತ್ತದೆ.

ಇದಕ್ಕೆ ಇನ್ನೊಂದು ಊರಿನ ಶಾಲೆ ಸೇರಿದರೆ ಭೂಮಿಯನ್ನೇ ಅಳೆಯಬಹುದು. ಸುಮಾರು 2,200 ವರ್ಷದ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ್ದು ಇದನ್ನೇ. ನಮ್ಮ ರಾಜ್ಯದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಎರಡು ಊರು ಇವೆ: ಮೈಸೂರು ಮತ್ತು ಕಲಬುರಗಿ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ಒಂದರ ನೇರ ಉತ್ತರಕ್ಕೆ ಇನ್ನೊಂದು, ನಡುವಿನ ನೇರ ದೂರ ಸುಮಾರು 560 ಕಿಲೋಮೀಟರ್. ಬಸ್ಸಿನ ದೂರ ಹಿಡಿಯಬೇಡಿ, ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆಸಿ. ಸೆಪ್ಟೆಂಬರ್ 23ರ ಸುಮಾರಿಗೆ ಒಂದು ಮೀಟರ್ ಕೋಲಿನ ಮಧ್ಯಾಹ್ನದ ನೆರಳು ಮೈಸೂರಿನಲ್ಲಿ ಸುಮಾರು 22 ಸೆಂಟಿಮೀಟರ್, ಕಲಬುರಗಿಯಲ್ಲಿ 31. ನಿಮ್ಮಲ್ಲಿ 27-28. ತ್ರಿಕೋನಮಿತಿ ಬಾರದ 8ನೇ ತರಗತಿಯವರು ಕೋಲು, ನೆರಳು ಎರಡನ್ನೂ ಹತ್ತನೇ ಒಂದರಷ್ಟು ಅಳತೆಗೆ ಹಾಳೆಯ ಮೇಲೆ ಬರೆದು ಕೋನಮಾಪಕದಲ್ಲಿ ಕೋನ ನೋಡಲಿ. ಎರಡು ಊರಿನ ಕೋನಕ್ಕೂ ವ್ಯತ್ಯಾಸ 5 ಡಿಗ್ರಿ. 5 ಡಿಗ್ರಿಗೆ 560 ಕಿಲೋಮೀಟರ್ ಆದರೆ 360ಕ್ಕೆ ಎಷ್ಟು? 40,320. ಭೂಮಿಯ ಸುತ್ತಳತೆ ನಿಜಕ್ಕೂ 40,000 ಕಿಲೋಮೀಟರ್ ಚಿಲ್ಲರೆ. ಮಕ್ಕಳಿಗೆ 36,000 ಬರಬಹುದು, 45,000 ಬರಬಹುದು. ಬರಲಿ. ಅರ್ಧ ಡಿಗ್ರಿ ತಪ್ಪಿದರೂ ಉತ್ತರ ಹತ್ತನೇ ಒಂದು ಭಾಗ ಏರುಪೇರಾಗುತ್ತದೆ ಅಂತ ಅವರೇ ಕಂಡುಕೊಳ್ಳಲಿ. ನಿಮ್ಮ ಜೊತೆ ಬಿ.ಎಡ್. ಓದಿದವರು ಮೈಸೂರು ಕಡೆಯೋ ಕಲಬುರಗಿ ಕಡೆಯೋ ಇದ್ದೇ ಇರುತ್ತಾರೆ, ಒಂದು ಫೋನ್ ಮಾಡಿ. ಎರಡೂ ಶಾಲೆಯ ಮಕ್ಕಳು ಸ್ಪೀಕರ್‌ನಲ್ಲಿ ಅಂಕಿ ಹೇಳಿಕೊಳ್ಳುವಾಗ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ.

ಒಂದು ತೊಂದರೆ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನೆರಳಿನ ತುದಿ ಚೂಪಾಗಿ ಇರುವುದಿಲ್ಲ, ಸುಮಾರು ಒಂದು ಸೆಂಟಿಮೀಟರ್ ಮಸುಕಾಗಿರುತ್ತದೆ. ಎಲ್ಲಿಗೆ ಗುರುತು ಹಾಕುವುದು ಅಂತ ಜಗಳ ಆಗುತ್ತದೆ. ಆ ಜಗಳ ಒಳ್ಳೆಯದೇ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ ಇದ್ದಾನೆ, ಅದಕ್ಕೇ ಮಸುಕು. ಕೋಲಿನ ತುದಿಗೆ ತೂತು ಮಾಡಿದ ರಟ್ಟು ಕಟ್ಟಿದರೆ ನೆಲದ ಮೇಲೆ ಸೂರ್ಯನ ದುಂಡಗಿನ ಬಿಂಬ ಬೀಳುತ್ತದೆ, ಅದರ ನಡುವಿಗೆ ಗುರುತು ಹಾಕಬಹುದು, ಕೋಲಿನ ಎತ್ತರದ ಬದಲು ತೂತಿನ ಎತ್ತರ ಹಿಡಿದರಾಯಿತು. ಮರದ ಕೆಳಗೆ ಬೀಳುವ ದುಂಡು ದುಂಡು ಬೆಳಕು ಸಹ ಇದೇ, ಎಲೆಗಳ ಸಂದೇ ಅಲ್ಲಿ ತೂತು. 2019ರ ಡಿಸೆಂಬರ್ 26ರ ಗ್ರಹಣದ ದಿನ ಆ ದುಂಡುಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದನ್ನು ರಾಜ್ಯದ ಎಷ್ಟೋ ಮಂದಿ ಅಂಗಳದಲ್ಲೇ ನೋಡಿದರು. ಇನ್ನು ನಿಮ್ಮಲ್ಲಿ ನೆರಳೇ ಇಲ್ಲದ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಮೇ 2-3ಕ್ಕೆ ಬರುವುದು ಬೇಸಿಗೆ ರಜೆಯಲ್ಲಿ ಹೋಗುತ್ತದೆ, ಆಗಸ್ಟ್ 10-11ರ ಸುಮಾರಿಗೆ ಬರುವಾಗ ಶಾಲೆ ಇರುತ್ತದೆ, ಮೋಡ ಬಿಟ್ಟರೆ ಅದೃಷ್ಟ.

ಈಗ ನಿಮ್ಮ ಹಾಡು, ನಾಟಕದ ಪ್ರಶ್ನೆಗೆ ಬರುತ್ತೇನೆ. ಓಮನ ನಿಯಮವನ್ನು ಸಿನಿಮಾ ಹಾಡಿನ ಧಾಟಿಗೆ ಹೊಂದಿಸಿ ಹಾಡಿಸುವುದು ನನಗೆ ಸರಿಬರುವುದಿಲ್ಲ. ಅದು ಬಾಯಿಪಾಠಕ್ಕೆ ರಾಗ ಹಚ್ಚಿದ ಹಾಗೆ, ಅಷ್ಟೇ. ಕಲೆಯ ಒಳಗೇ ವಾದ ಇರುವ ಪ್ರಕಾರ ಹಿಡಿಯಿರಿ. ನಿಮ್ಮ ಕಡೆ ಗೀಗೀ ಪದ ಇದೆ, ಹರದೇಶಿ-ನಾಗೇಶಿ ಸವಾಲು-ಜವಾಬು ಇದೆ. ಒಂದು ಮೇಳ ಎತ್ತಿದ ಮಾತಿಗೆ ಇನ್ನೊಂದು ಮೇಳ ಉತ್ತರ ಕೊಡಲೇಬೇಕು. ಬೆಳಕು ಕಣವೋ ಅಲೆಯೋ ಅನ್ನುವ ಜಗಳಕ್ಕೆ ಇದಕ್ಕಿಂತ ಒಳ್ಳೆಯ ವೇದಿಕೆ ಎಲ್ಲಿ ಸಿಗಬೇಕು? ಒಂದು ಮೇಳ ನ್ಯೂಟನ್ ಪಕ್ಷ, ಬೆಳಕು ಸಣ್ಣ ಸಣ್ಣ ಕಣ. ಇನ್ನೊಂದು ಹೈಗೆನ್ಸ್ ಪಕ್ಷ, ಬೆಳಕು ಅಲೆ. ಪದ ಮಕ್ಕಳೇ ಕಟ್ಟಬೇಕು, ನೀವು ಬರೆದು ಕೊಡಬೇಡಿ. ಹೇಗಿರಬಹುದು ಅಂತ ತಿಳಿಯಲು ಮಾತ್ರ ನಾನೇ ನಾಲ್ಕು ಸಾಲು ಹೇಳುತ್ತೇನೆ:

ನೆಟ್ಟನ ದಾರಿ ಹಿಡದು ಬರತೈತಿ ಬೆಳಕಿನ ಕಣ,
ಮೂಲಿ ತಿರುಗಿ ಹೋಗಿದ್ದು ಯಾರ ಕಂಡೀರಣ್ಣ?

ಗ್ವಾಡಿ ದಾಟಿ ದನಿ ಬಾಗತೈತಿ, ಬೆಳಕ್ಯಾಕ ಬಾಗಬಾರದ?
ಕೂದಲೆಳಿ ಅಡ್ಡ ಹಿಡದು ನೋಡ, ಪಟ್ಟಿ ಪಟ್ಟಿ ಕಾಣತಾದ.

ನಿಯಮ ಒಂದೇ: ಯಾವ ಮೇಳವೂ ಪುರಾವೆ ಇಲ್ಲದೆ ಮಾತಾಡುವ ಹಾಗಿಲ್ಲ. ಕೂದಲಿನ ಮಾತು ಎತ್ತಿದವರು ತೋರಿಸಬೇಕು. ಕೈಯಲ್ಲಿ ಹಿಡಿಯುವ ಕೆಂಪು ಲೇಸರ್ ಮುಂದೆ ತಲೆಗೂದಲೊಂದನ್ನು ಅಂಟಿಸಿ, ಎರಡು ಮೀಟರ್ ದೂರದ ಗೋಡೆಯ ಮೇಲೆ ಬಿಟ್ಟರೆ ಬೆಳಕು ಅಡ್ಡಕ್ಕೆ ಪಟ್ಟಿ ಪಟ್ಟಿಯಾಗಿ ಹರಡುತ್ತದೆ. ಒಂದು ಕಪ್ಪು ಗೆರೆಯಿಂದ ಪಕ್ಕದ ಕಪ್ಪು ಗೆರೆಗೆ 16 ಮಿಲಿಮೀಟರ್ ಇದ್ದರೆ ಕೂದಲಿನ ದಪ್ಪ ಸುಮಾರು 0.08 ಮಿಲಿಮೀಟರ್. ಲೇಸರ್ ಮೇಲೆ ಬರೆದಿರುವ ಅಲೆಯುದ್ದವನ್ನು (ಸಾಮಾನ್ಯವಾಗಿ 650 ನ್ಯಾನೋಮೀಟರ್) ದೂರಕ್ಕೆ ಗುಣಿಸಿ ಗೆರೆಯ ಅಂತರದಿಂದ ಭಾಗಿಸಿದರೆ ಆಯಿತು. ಯಾರ ಕೂದಲು ದಪ್ಪ ಅಂತ ಪೈಪೋಟಿ ಶುರುವಾಗುತ್ತದೆ. ಕೊನೆಯ ಸವಾಲು ನೀರಿನದು ಇರಲಿ. ಕಣದ ಪಕ್ಷದವರು ಬೆಳಕು ನೀರಿನಲ್ಲಿ ಗಾಳಿಗಿಂತ ವೇಗವಾಗಿ ಹೋಗಬೇಕು ಅನ್ನುತ್ತಿದ್ದರು, ಅಲೆಯ ಪಕ್ಷದವರು ನಿಧಾನ ಆಗಬೇಕು ಅನ್ನುತ್ತಿದ್ದರು. 1850ರಲ್ಲಿ ಫ್ರಾನ್ಸಿನ ಫೂಕೋ ಅಳೆದು, ನಿಧಾನವೇ ಅಂತ ತೋರಿಸಿದ. 10ನೇ ತರಗತಿಯ ವಕ್ರೀಭವನದ ಪಾಠಕ್ಕೆ ಇಲ್ಲಿಂದ ಒಂದೇ ಹೆಜ್ಜೆ. ಕರಾವಳಿ, ಮಲೆನಾಡಿನ ಶಿಕ್ಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ತಾಳಮದ್ದಳೆ ಇದೆ, ಅರ್ಥಧಾರಿಗಳ ವಾದಕ್ಕೆ ಇದೇ ಪ್ರಸಂಗ ಚೆನ್ನಾಗಿ ಒಗ್ಗುತ್ತದೆ.

ಶಬ್ದದ ಪಾಠಕ್ಕೆ ಗದಗಿನವರು ಎಲ್ಲೂ ಹುಡುಕಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ಅದು, ತಬಲಾ ಕಲಿಯುವ ಮಗು ಸುತ್ತಲಿನ ಶಾಲೆಗಳಲ್ಲಿ ಸಿಕ್ಕೇ ಸಿಗುತ್ತದೆ. ಹಲಗೆ ವಾದ್ಯದ ದನಿಗೂ ತಬಲಾದ ದನಿಗೂ ಏನು ವ್ಯತ್ಯಾಸ? ತಬಲಾದಲ್ಲಿ ಶ್ರುತಿ ಇದೆ, ಅದರ ಜೊತೆಗೆ ಹಾಡಬಹುದು. ಹಲಗೆಯಲ್ಲಿ ಹಾಗಿಲ್ಲ. ಬಿಗಿದ ಬರೀ ಚರ್ಮ ಒಂದೇ ಸಲಕ್ಕೆ ಹಲವು ಕಂಪನ ಹೊರಡಿಸುತ್ತದೆ, ಅವುಗಳ ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು) 1, 1.59, 2.14 ಹೀಗೆ ಒಂದಕ್ಕೊಂದು ಹೊಂದದ ಲೆಕ್ಕದಲ್ಲಿರುತ್ತದೆ. ತಬಲಾ, ಮೃದಂಗದ ನಡುವಿನ ಕಪ್ಪು ಕರಣೆ ಅದನ್ನು ಸುಮಾರು 1, 2, 3, 4ರ ಲೆಕ್ಕಕ್ಕೆ ತಂದು ನಿಲ್ಲಿಸುತ್ತದೆ. ಇದನ್ನು ತೋರಿಸಿದವರು ಸಿ. ವಿ. ರಾಮನ್. 1920ರಲ್ಲೇ ಈ ಬಗ್ಗೆ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಎಲ್ಲೆಲ್ಲಿ ಗೆರೆಯಾಗಿ ನಿಲ್ಲುತ್ತದೆ ಅಂತ ನೋಡಿ ಕಂಡುಕೊಂಡ ವಿಷಯ ಇದು. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ರಾಮನ್ ಫೋಟೊಕ್ಕೆ ಹಾರ ಹಾಕಿ ಭಾಷಣ ಮಾಡುವ ಬದಲು ಇದನ್ನೇ ಮಾಡಿಸಿ. ಸ್ಟೀಲ್ ಡಬ್ಬಿಯ ಬಾಯಿಗೆ ಬಲೂನಿನ ರಬ್ಬರ್ ಬಿಗಿದು ಬಾರಿಸಲಿ. ನಡುವೆ ಹಿಟ್ಟಿನ ಸಣ್ಣ ಉಂಡೆ ಅಂಟಿಸಿದರೆ ದನಿ ಏರುತ್ತದಾ ಇಳಿಯುತ್ತದಾ, ಮೊದಲು ಊಹೆ. ಇಳಿಯುತ್ತದೆ. ಉಂಡೆ ಅಂಚಿಗೆ ಸರಿಸಿದರೆ? ಅದನ್ನು ಅವರೇ ನೋಡಲಿ. ತಬಲಾ ಬಾರಿಸುವ ಮಗುವೇ ಅಂದು ಮೇಷ್ಟ್ರು.

ನೀವು ಕಪ್ಪತಗುಡ್ಡದ ಕಡೆಯವರಾದರೆ ಗಾಳಿಯಂತ್ರ ಇದೆಯಲ್ಲ, ಬಿಡಬೇಡಿ. ದೂರದಿಂದ ರೆಕ್ಕೆ ಎಷ್ಟು ನಿಧಾನ ತಿರುಗಿದ ಹಾಗೆ ಕಾಣುತ್ತದೆ! ತುದಿಯ ವೇಗ ಎಷ್ಟಿರಬಹುದು, ಸೈಕಲ್ಲಿನಷ್ಟಾ, ಬಸ್ಸಿನಷ್ಟಾ? ಮಕ್ಕಳು ಸಾಮಾನ್ಯವಾಗಿ ಸೈಕಲ್ ಅನ್ನುತ್ತಾರೆ. ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂತ ಎಣಿಸಲಿ. ರೆಕ್ಕೆ 40 ಮೀಟರ್ ಉದ್ದ ಇದ್ದು ಒಂದು ಸುತ್ತಿಗೆ 4 ಸೆಕೆಂಡ್ ಹಿಡಿದರೆ, ತುದಿ 4 ಸೆಕೆಂಡಿನಲ್ಲಿ 251 ಮೀಟರ್ ಓಡಿತು. ಗಂಟೆಗೆ ಸುಮಾರು 225 ಕಿಲೋಮೀಟರ್. ಎಲ್ಲರೂ ಲೆಕ್ಕ ಇನ್ನೊಂದು ಸಲ ಮಾಡುತ್ತಾರೆ, ತಪ್ಪಿರಬೇಕು ಅಂತ. ಹೇಳದೇ ಲೆಕ್ಕ ಮತ್ತೆ ನೋಡುವ ತರಗತಿ ಎಷ್ಟು ಅಪರೂಪ ಅಂತ ನಿಮಗೇ ಗೊತ್ತು.

ಬರೆಯಲು ಇಷ್ಟಪಡುವ ಮಕ್ಕಳಿಗೆ ಕಥೆ ಕೊಡಿ. ಆದರೆ ಅದರಲ್ಲಿ ಒಂದು ಲೆಕ್ಕ ಇರಲೇಬೇಕು. ಘರ್ಷಣೆ ಇಲ್ಲದ ಒಂದು ದಿನ ಅಂತ ಪ್ರಬಂಧ ಎಲ್ಲರೂ ಬರೆಸುತ್ತಾರೆ, ಪರವಾಗಿಲ್ಲ, ಆದರೆ ನಮ್ಮ ಮಣ್ಣಿನದೇ ಕಥೆಗಳು ಬಿದ್ದುಕೊಂಡಿವೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ವಿದ್ಯುತ್ ಕೊಟ್ಟರು. ಅಷ್ಟು ದೂರ ಕಳಿಸಲು ವೋಲ್ಟೇಜ್ ಯಾಕೆ ಏರಿಸಬೇಕಾಯಿತು? ತಂತಿ ಹಾಕಿದ ಒಬ್ಬ ಕೆಲಸಗಾರ ಮನೆಗೆ ಬರೆದ ಪತ್ರದ ರೂಪದಲ್ಲಿ ಮಗು ಇದನ್ನು ಹೇಳಲಿ, ತಂತಿ ಬಿಸಿಯಾಗಿ ಹಾಳಾಗುವ ಶಕ್ತಿಯ ಲೆಕ್ಕ ಪತ್ರದಲ್ಲಿ ಬರಲಿ. ಅದೇ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗಿಂತ ಕೆಳಗೆ, 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ಆಕಾಶದಿಂದ ಬರುವುದನ್ನು ಹಿಡಿಯಲು ಪಾತಾಳಕ್ಕೆ ಯಾಕೆ ಇಳಿದರು ಅನ್ನುವ ಒಂದು ಪ್ರಶ್ನೆ ಸಾಕು, ಅರ್ಧ ಪೀರಿಯಡ್ ಹೋಗುತ್ತದೆ.

ಗುಂಪಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನಾಲ್ಕು ಜನರ ಗುಂಪು ಮಾಡಿ ಬಿಟ್ಟರೆ ಎಷ್ಟೋ ಕಡೆ ಹುಡುಗರು ಸಾಮಾನು ಹಿಡಿಯುತ್ತಾರೆ, ಹುಡುಗಿಯರು ಅಕ್ಷರ ಚೆನ್ನಾಗಿದೆ ಅಂತ ಬರೆಯಲು ಕೂರುತ್ತಾರೆ. ಕೊನೆಗೆ ಹುಡುಗಿಯರ ನೋಟ್‌ಬುಕ್ ಚೆಂದ, ಕೈಗೆ ಅನುಭವ ಸೊನ್ನೆ. ಸಾಮಾನು ಹಿಡಿಯುವವರು, ಅಳೆಯುವವರು, ಬರೆಯುವವರು, ಪ್ರಶ್ನೆ ಎತ್ತುವವರು ಅಂತ ಕೆಲಸ ಹಂಚಿ, ಪ್ರತಿ ಸಲ ಬದಲಿಸಿ. ಗೋಡೆಗೆ ಪಟ್ಟಿ ಹಚ್ಚಿ. ಒಂದು ಸಲವೂ ವಿನಾಯಿತಿ ಬೇಡ.

ಪೇಟೆಯಿಂದ ತಂದ ಥರ್ಮೊಕೋಲ್ ಮಾಡೆಲ್ ಪ್ರದರ್ಶನಕ್ಕೆ ಬೇಡ ಅಂತ ಒಂದು ನಿಯಮ ಮಾಡಿ. ಎಷ್ಟೋ ಸಲ ಅದರಲ್ಲಿ ಖರ್ಚು ಅಪ್ಪಂದು, ಕೆಲಸ ಅಣ್ಣಂದು. ಪ್ರದರ್ಶನದಲ್ಲಿ ಪ್ರತಿ ಮಗುವಿಗೂ ಒಂದೇ ಪ್ರಶ್ನೆ ಕೇಳಿ: ನೀನು ಯಾವುದನ್ನು ಬದಲಿಸಿದೆ, ಆಗ ಏನು ಬದಲಾಯಿತು? ಇದಕ್ಕೆ ಉತ್ತರ ಇದ್ದರೆ ದಾರಕ್ಕೆ ಕಟ್ಟಿದ ಕಲ್ಲೂ ಒಳ್ಳೆಯ ಮಾಡೆಲ್ಲೇ. ದಾರ 25 ಸೆಂಟಿಮೀಟರ್ ಇದ್ದಾಗ ಒಂದು ತೂಗಾಟಕ್ಕೆ ಒಂದು ಸೆಕೆಂಡ್, ಎರಡು ಸೆಕೆಂಡ್ ಬೇಕಾದರೆ ದಾರ ಎರಡರಷ್ಟು ಮಾಡಿದರೆ ಸಾಲದು, ನಾಲ್ಕರಷ್ಟು ಮಾಡಬೇಕು. ಇದನ್ನು ಕಂಡುಹಿಡಿದು ಹೇಳುವ ಮಗು ಬಣ್ಣದ ಬಲ್ಬಿನ ಜ್ವಾಲಾಮುಖಿಗಿಂತ ಎಷ್ಟೋ ಮುಂದಿದೆ. ಸಾಮಾನಿಗೆ ಹೊಸ ಯೋಚನೆ ಬೇಕಾದರೆ ಅರವಿಂದ ಗುಪ್ತಾ ಅವರ ಕಸದಿಂದ ಆಟಿಕೆಗಳನ್ನು ನೋಡಿ, ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಫೋನಿಗೆ ಫೈಫಾಕ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ, ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡಿಲ್ಲ. ಜೋಕಾಲಿಗೆ ಫೋನ್ ಕಟ್ಟಿದರೆ ವೇಗ ಏರಿಳಿಯುವ ಗ್ರಾಫನ್ನೇ ಬರೆದು ತೋರಿಸುತ್ತದೆ. ಗಟ್ಟಿಯಾಗಿ ಕಟ್ಟಿ ಅಷ್ಟೇ.

ಪೋರ್ಷನ್ ಬಗ್ಗೆ. ನೀವು ವಾರಕ್ಕೆ ಮೂರು ಚಟುವಟಿಕೆ ಮಾಡಿಸಲು ಹೋದರೆ ಮುಗಿಯುವುದಿಲ್ಲ, ನಿಮಗೂ ಸುಸ್ತು. ಹದಿನೈದು ದಿನಕ್ಕೆ ಒಂದು ಮಾಡಿ. ಒಂದು ಪೀರಿಯಡ್ ಊಹೆ ಮತ್ತು ಪ್ರಯೋಗ, ಮರುದಿನ ಅರ್ಧ ಪೀರಿಯಡ್ ವಾದ. ಹೇಗಿದ್ದರೂ ಎಸ್‌ಎಸ್‌ಎಲ್‌ಸಿಯಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಇದೆ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂತ ದಾಖಲೆ ಬರೆಸಲೇಬೇಕು. ಅದಕ್ಕೆ ಬೇರೆ ಚಾರ್ಟ್ ಮಾಡಿಸುವ ಬದಲು ಈ ಊಹೆಯ ನೋಟ್‌ಬುಕ್ಕನ್ನೇ ನೋಡಿ ಅಂಕ ಕೊಡಿ. ಊಹೆ ಸರಿಯಾಗಿದ್ದಕ್ಕೆ ಅಂಕ ಬೇಡ, ಹಾಗೆ ಮಾಡಿದರೆ ಮೊದಲು ಪಕ್ಕದವರದ್ದು ನೋಡಿ ಬರೆಯುತ್ತಾರೆ. ಕಾರಣ ಬರೆದದ್ದಕ್ಕೆ ಕೊಡಿ, ಆಮೇಲೆ ತನ್ನ ಕಾರಣ ಎಲ್ಲಿ ತಪ್ಪಿತ್ತು ಅಂತ ಬರೆದದ್ದಕ್ಕೆ ಇನ್ನೂ ಜಾಸ್ತಿ ಕೊಡಿ. ಮುಖ್ಯ ಶಿಕ್ಷಕರು ಕೇಳಿದರೆ ಆ ನೋಟ್‌ಬುಕ್ಕನ್ನೇ ತೋರಿಸಿ, ಇನ್ನೇನೂ ವಿವರಣೆ ಬೇಕಾಗುವುದಿಲ್ಲ.

ಎಚ್ಚರಿಕೆಗಳು ಕೆಲವೇ. ಲೇಸರ್ ಯಾವತ್ತೂ ಕಣ್ಣಿನ ಎತ್ತರಕ್ಕೆ ಬೇಡ, ಮೇಜಿಗೆ ಅಂಟಿಸಿ ಗೋಡೆ ಕಡೆಗೆ ತಿರುಗಿಸಿಡಿ, ಮಕ್ಕಳ ಕೈಗೆ ಕೊಡಬೇಡಿ. ಸೂರ್ಯನನ್ನು ನೇರ ನೋಡುವ ಹಾಗೇ ಇಲ್ಲ, ನೋಡುವುದು ನೆರಳನ್ನು ಮಾತ್ರ. ವಿದ್ಯುತ್ತಿನ ಪ್ರಯೋಗ ಏನೇ ಇದ್ದರೂ ಟಾರ್ಚಿನ ಸೆಲ್ಲಿನಲ್ಲೇ ಆಗಲಿ, ಗೋಡೆಯ ಪ್ಲಗ್ ಮುಟ್ಟುವುದು ಬೇಡ.

ಮೊದಲು ಯಾವುದು ಅಂತ ಕೇಳಿದರೆ ಗೋಲಿಯಿಂದಲೇ ಶುರು ಮಾಡಿ. ಒಂದೇ ಅಳತೆಯ ಗೋಲಿ ಆರಿಸಿಕೊಳ್ಳಿ, ಅಂಗಡಿಯ ಚೀಲದಲ್ಲಿ ಸಣ್ಣದು ದೊಡ್ಡದು ಸೇರಿಕೊಂಡಿರುತ್ತವೆ. ಹಿಂದಿನ ಸಂಜೆ ನೀವೊಬ್ಬರೇ ಕೂತು ಸ್ಕೇಲಿನ ಸಂದು ಸರಿ ಮಾಡಿ ನೋಡಿ. ಸಂದು ಜಾಸ್ತಿ ಆದರೆ ಗೋಲಿ ಕೆಳಗೆ ಕೂತು ಮೇಜಿಗೆ ಉಜ್ಜುತ್ತದೆ, ಆಗ ಕೊನೆಯದು ಓಡುವುದೇ ಇಲ್ಲ.